ಹನ್ನೊಂದು ದೇಶಗಳ ಪಟ್ಟಿ, ಐವರು ಗೆಳೆಯರು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಾಲೇಜು ಮುಗಿಸಿದ ಗೆಳೆಯರು ಗುಂಪು ಕಟ್ಟಿಕೊಂಡು ಯುರೋಪಿನಲ್ಲಿ ರೈಲು ಹತ್ತಿ ದೇಶದಿಂದ ದೇಶಕ್ಕೆ ಸುತ್ತುವ ಕುರಿತು ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಪ್ರಕಟವಾದ ಬರಹವನ್ನು ಓದಿದೆ. ಚಿತ್ರಗಳು ಸೊಗಸಾಗಿದ್ದವು, ಬರಹದಲ್ಲಿ ಹುರುಪೂ ಇತ್ತು. ಆದರೆ ಹದಿನೈದು ದಿನಗಳಲ್ಲಿ ಒಂಬತ್ತು ದೇಶಗಳನ್ನು ನೋಡಿ ಬರಬಹುದು ಎಂಬ ಅದರ ಒಂದು ಮಾತು ನನ್ನನ್ನು ಬಿಡದೆ ಕಾಡಿತು. ಎರಡು ವರ್ಷಗಳ ಹಿಂದೆ ನಾವು ಐವರು ಸಹಪಾಠಿಗಳು ಇಂಥದೇ ಲೆಕ್ಕವನ್ನು ನೆಚ್ಚಿಕೊಂಡು ಯೋಜನೆಗೆ ಕುಳಿತವರು. ಆ ಲೆಕ್ಕದಿಂದ ನಾವು ಕಳೆದುಕೊಂಡದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಮುಂದಿನ ಬೇಸಿಗೆಗೆ ಹೊರಡಲು ಸಿದ್ಧರಾಗುತ್ತಿರುವ ಕಿರಿಯರಿಗೆ ಉಪಯೋಗವಾದೀತೆಂದು ಈ ಪತ್ರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ನಮ್ಮ ಮೊದಲ ಪಟ್ಟಿಯಲ್ಲಿ ಇಪ್ಪತ್ತು ದಿನಗಳಿಗೆ ಹನ್ನೊಂದು ದೇಶಗಳಿದ್ದವು: ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಚೆಕ್ ಗಣರಾಜ್ಯ, ಆಸ್ಟ್ರಿಯಾ, ಹಂಗೇರಿ, ಇಟಲಿ, ಸ್ವಿಟ್ಜರ್‌ಲೆಂಡ್ ಮತ್ತು ಸ್ಪೇನ್. ಇಷ್ಟೊಂದು ದೇಶಗಳು ಹೇಗೆ ಬಂದು ಸೇರಿಕೊಂಡವು ಎಂಬುದು ಗುಂಪಿನಲ್ಲಿ ಯೋಜನೆ ಮಾಡಿದ ಯಾರಿಗಾದರೂ ಊಹೆಗೆ ಸಿಗುತ್ತದೆ. ಒಬ್ಬೊಬ್ಬರೂ ತಮಗೆ ಬೇಕೇಬೇಕಾದ ಎರಡು ಮೂರು ಊರುಗಳ ಹೆಸರು ಹೇಳಿದೆವು. ಇನ್ನೊಬ್ಬರ ಆಸೆಯನ್ನು ಹೊಡೆದುಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಸೇರಿಸುವುದೇ ಸ್ನೇಹ, ಕಳೆಯುವುದೆಂದರೆ ಜಗಳ ಎಂಬಂತಾಯಿತು. ಒಬ್ಬರು ಕೊನೆಯಲ್ಲಿ ಲಿಸ್ಬನ್ ಕೂಡ ಇರಲಿ ಎಂದರು, ಭೂಪಟದಲ್ಲಿ ಅದು ಮ್ಯಾಡ್ರಿಡ್‌ಗೆ ಹತ್ತಿರವೇ ಕಾಣುತ್ತಿತ್ತು. ಆ ಎರಡು ರಾಜಧಾನಿಗಳ ನಡುವೆ ಓಡುತ್ತಿದ್ದ ರಾತ್ರಿ ರೈಲು 2020ರ ಮಾರ್ಚ್‌ನಲ್ಲೇ ನಿಂತಿದೆ, ಹಗಲಿನಲ್ಲಿ ಹೋಗುವುದಾದರೆ ನಡುವೆ ರೈಲು ಬದಲಿಸುತ್ತ ಒಂದು ಇಡೀ ದಿನವನ್ನು ಕೊಡಬೇಕು ಎಂಬುದು ನಮಗೆ ಗೊತ್ತಾದದ್ದು ವಾರದ ಮೇಲೆ.

ವೇಳಾಪಟ್ಟಿಯ ಗಂಟೆಗಳನ್ನೇ ಪ್ರಯಾಣದ ಗಂಟೆಗಳೆಂದು ತಿಳಿದದ್ದು ನಮ್ಮ ದೊಡ್ಡ ತಪ್ಪು. ಲಂಡನ್ನಿನಿಂದ ಪ್ಯಾರಿಸ್‌ಗೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ಓದಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮ್ಯೂಸಿಯಂ ಒಳಗಿರುತ್ತೇವೆ ಎಂದು ಬರೆದುಕೊಂಡಿದ್ದೆವು. ಆ ರೈಲಿಗೆ ವಿಮಾನದಂತೆಯೇ ಮುಂಚಿತವಾಗಿ ಹೋಗಿ ಸಾಮಾನು ತಪಾಸಣೆಯನ್ನೂ ಎರಡೂ ಕಡೆಯ ಪಾಸ್‌ಪೋರ್ಟ್ ತಪಾಸಣೆಯನ್ನೂ ಹತ್ತುವ ನಿಲ್ದಾಣದಲ್ಲೇ ಮುಗಿಸಿಕೊಳ್ಳಬೇಕು. ಅದಕ್ಕೆ ಮೊದಲು ಕೋಣೆ ಖಾಲಿ ಮಾಡಿ ನಿಲ್ದಾಣ ತಲುಪಬೇಕು, ಇಳಿದ ಮೇಲೆ ಹೊಸ ಊರಿನ ಮೆಟ್ರೋ ತಿಳಿದುಕೊಂಡು ತಂಗುವ ಜಾಗ ಹುಡುಕಬೇಕು, ಅಲ್ಲಿ ಕೋಣೆ ಮಧ್ಯಾಹ್ನದ ಮೇಲಷ್ಟೇ ಸಿಗುತ್ತದೆ. ಹೀಗೆ ಎರಡು ಗಂಟೆಯ ದಾರಿ ಬಾಗಿಲಿನಿಂದ ಬಾಗಿಲಿಗೆ ಆರು ಗಂಟೆಯಾಗುತ್ತದೆ. ಪ್ಯಾರಿಸ್‌ನಿಂದ ಬಾರ್ಸಿಲೋನಾಗೆ ಅತಿವೇಗದ ರೈಲಿನಲ್ಲೇ ಆರೂವರೆ ಗಂಟೆಗೂ ಹೆಚ್ಚು ಬೇಕು. ಬುಡಾಪೆಸ್ಟ್‌ನಿಂದ ವೆನಿಸ್‌ಗೆ ಹಗಲು ಹೊತ್ತು ಪೂರ್ತಿ ಹೋಗುತ್ತದೆ. ಹತ್ತು ಬಾರಿ ಊರು ಬದಲಿಸಿದರೆ ಇಪ್ಪತ್ತರಲ್ಲಿ ಏಳೆಂಟು ಹಗಲುಗಳು ನಿಲ್ದಾಣ, ಚೀಲ, ಬೀಗದ ಕೈಗಳ ನಡುವೆಯೇ ಕಳೆದುಹೋಗುತ್ತವೆ.

ಇಂಥ ಪಟ್ಟಿಗಳಿಗೆ ಧೈರ್ಯ ತುಂಬುವುದು, ಒಮ್ಮೆ ಕೊಂಡರೆ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಬರುವ ಯೂರೇಲ್ ಪಾಸ್. 1959ರಲ್ಲಿ ಯುರೋಪಿನ ಹೊರಗಿನವರಿಗೆಂದು ಶುರುವಾದ ಈ ಪಾಸ್ ಇಂದು 33 ದೇಶಗಳಲ್ಲಿ ನಡೆಯುತ್ತದೆ. ಯುರೋಪಿನವರಿಗೆಂದೇ ಇರುವ ಇಂಟರ್‌ರೇಲ್ 1972ರಲ್ಲಿ, 21 ವರ್ಷದವರೆಗಿನ ಹುಡುಗ ಹುಡುಗಿಯರಿಗಾಗಿ ಹುಟ್ಟಿದ್ದು. ಒಂದು ಚೀಲ, ಒಂದು ಪಾಸ್ ಹಿಡಿದು ತಿಂಗಳುಗಟ್ಟಲೆ ಅಲೆಯುವ ಪದ್ಧತಿ ಅಲ್ಲಿ ಬೇರೂರಿದ್ದು ಅದರಿಂದಲೇ. ಈ ಪಾಸ್‌ಗಳ ಬಗ್ಗೆ ನನಗೆ ಗೌರವವಿದೆ. 27 ವರ್ಷದವರೆಗೆ ಯುವಜನರ ದರ ಸಿಗುತ್ತದೆ, ಅದು ವಯಸ್ಕರ ದರಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಒಂದೇ ಸಮನೆ ದಿನವೂ ಓಡಾಡುವ ಪಾಸ್ ಒಂದು ಬಗೆ. ಒಂದು ಅಥವಾ ಎರಡು ತಿಂಗಳ ಅವಧಿಯಲ್ಲಿ ನಾಲ್ಕು, ಐದು, ಏಳು, ಹತ್ತು ಅಥವಾ ಹದಿನೈದು ದಿನ ಮಾತ್ರ ಪ್ರಯಾಣಿಸುವ ಪಾಸ್ ಇನ್ನೊಂದು ಬಗೆ. ಎರಡನೆಯದರಲ್ಲಿ ಒಂದು ಪ್ರಯಾಣದ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಆ ದಿನ ಎಷ್ಟು ರೈಲು ಹತ್ತಿದರೂ ಸರಿಯೇ. ರಾತ್ರಿ ಹತ್ತು ಗಂಟೆಗೆ ಹತ್ತಿ ಮರುದಿನ ಬೆಳಿಗ್ಗೆ ಇಳಿದರೆ, ನಡುರಾತ್ರಿಯ ಮೇಲೆ ಬೇರೆ ರೈಲಿಗೆ ಬದಲಾಗದಿದ್ದ ಪಕ್ಷದಲ್ಲಿ, ಹೊರಟ ದಿನವೊಂದೇ ಲೆಕ್ಕಕ್ಕೆ ಹೋಗುತ್ತದೆ.

ಆದರೆ ಪಾಸ್ ಇದ್ದಮಾತ್ರಕ್ಕೆ ಎಲ್ಲ ರೈಲನ್ನೂ ಹತ್ತಬಹುದೆಂಬ ನಂಬಿಕೆಯನ್ನು ನಿಮ್ಮ ಬರಹವೂ ಬೆಳೆಸಿದೆಯಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸಾ, ಸ್ಪೇನಿನ ಆವೆ ಎಂಬ ಅತಿವೇಗದ ರೈಲುಗಳು, ಕಡಲಡಿಯ ಸುರಂಗ ದಾಟುವ ಯೂರೋಸ್ಟಾರ್, ಎಲ್ಲ ರಾತ್ರಿ ರೈಲುಗಳು, ಇವುಗಳಲ್ಲಿ ಪಾಸ್ ಉಳ್ಳವರೂ ಪ್ರತ್ಯೇಕವಾಗಿ ಸೀಟು ಕಾದಿರಿಸಲೇಬೇಕು. ಅದಕ್ಕೆ ಹಗಲಿನ ರೈಲುಗಳಲ್ಲಿ ಸಾಮಾನ್ಯವಾಗಿ 10 ಯೂರೋಗಳಿಂದ 35 ಯೂರೋಗಳಷ್ಟು ಬೀಳುತ್ತದೆ, ರಾತ್ರಿಯ ಮಲಗುವ ಜಾಗಕ್ಕೆ ಇನ್ನೂ ಹೆಚ್ಚು. ಯೂರೋಸ್ಟಾರ್‌ನಂಥ ರೈಲುಗಳಲ್ಲಿ ಪಾಸ್‌ನವರಿಗೆ ಮೀಸಲಾದ ಸೀಟುಗಳಿಗೆ ಮಿತಿಯಿದೆ. ಅವು ತುಂಬಿದ ಮೇಲೆ ರೈಲಿನಲ್ಲಿ ಜಾಗವಿದ್ದರೂ ಪಾಸ್‌ನಿಂದ ಪ್ರಯೋಜನವಿಲ್ಲ. ಜುಲೈನ ಒಂದು ಶನಿವಾರ ಐದು ಸೀಟುಗಳನ್ನು ಒಟ್ಟಿಗೆ ಹುಡುಕಿದ ನಮಗೆ ಅದು ಅನುಭವಕ್ಕೆ ಬಂತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಹೆಚ್ಚಿನ ರೈಲುಗಳಿಗೆ ಕಾದಿರಿಸುವ ಕಡ್ಡಾಯವಿಲ್ಲ, ಪಾಸ್‌ನ ನಿಜವಾದ ಸುಖ ಸಿಗುವುದು ಅಲ್ಲಿಯೇ. ಅಲ್ಲಿಯೂ ಆಲ್ಪ್ಸ್‌ನ ತುದಿಗೇರುವ ಪರ್ವತ ರೈಲುಗಳು ಪಾಸ್‌ನಲ್ಲಿ ಪೂರ್ತಿಯಾಗಿ ಸೇರಿಲ್ಲ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ಪಾಸ್ ತೋರಿಸಿದರೆ ರಿಯಾಯಿತಿ ಮಾತ್ರ ದೊರೆಯುತ್ತದೆ.

ಗುಂಪಿನಲ್ಲಿ ಒಬ್ಬರು ಆಗಲೇ ಯುರೋಪಿನ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಓದುತ್ತ ಅಲ್ಲಿಯ ನಿವಾಸಿಯಾಗಿದ್ದರೆ, ಉಳಿದವರ ಜೊತೆ ಅವರಿಗೂ ಯೂರೇಲ್ ಕೊಳ್ಳುವಂತಿಲ್ಲ. ಅವರಿಗೆ ಅನ್ವಯಿಸುವುದು ಇಂಟರ್‌ರೇಲ್, ಮತ್ತು ಅದರಲ್ಲಿ ತಾವು ವಾಸವಿರುವ ದೇಶದೊಳಗೆ ಹೊರಹೋಗಲು ಒಂದು, ಮರಳಲು ಒಂದು ಪ್ರಯಾಣವನ್ನಷ್ಟೇ ಮಾಡಬಹುದು. ಒಂದೇ ಬೋಗಿಯಲ್ಲಿ ಒಂದೇ ಮೇಜಿನ ಸುತ್ತ ಕುಳಿತ ಗೆಳೆಯರಿಗೆ ಬೇರೆ ಬೇರೆ ನಿಯಮಗಳಿರುವುದು ವಿಚಿತ್ರವೆನಿಸಿದರೂ ತಪಾಸಕರು ನೋಡುವುದು ಅದನ್ನೇ.

ಇನ್ನು ವೀಸಾ. ಇಲ್ಲಿ ದೇಶಗಳ ಎಣಿಕೆ ನೇರವಾಗಿ ತೊಂದರೆ ತರುತ್ತದೆ. ತಮ್ಮ ನಡುವಿನ ಗಡಿ ತಪಾಸಣೆ ಬಿಟ್ಟುಕೊಟ್ಟ ದೇಶಗಳ ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಸೇರಿವೆ. ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ ಒಂದೇ ವೀಸಾದಲ್ಲಿ ಇವೆಲ್ಲವನ್ನೂ ಸುತ್ತಬಹುದು. ಅರ್ಜಿಯನ್ನು ಎಲ್ಲಿ ಹೆಚ್ಚು ದಿನ ಉಳಿಯುತ್ತೇವೋ ಆ ದೇಶಕ್ಕೆ ಸಲ್ಲಿಸಬೇಕು. ಎಲ್ಲ ಕಡೆಯೂ ಸಮಾನ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ಎಲ್ಲ ಕಡೆ ಎರಡೆರಡು ರಾತ್ರಿ ಹಂಚಿಕೊಂಡವರು ಒಂದು ಊರನ್ನು ಒಂದು ದಿನ ಹಿಂದೆ ಮುಂದೆ ಮಾಡಿದರೂ ಅರ್ಜಿ ಸಲ್ಲಿಸಬೇಕಾದ ದೇಶವೇ ಬದಲಾಗುತ್ತದೆ. ಬ್ರಿಟನ್ ಈ ವಲಯದ ಹೊರಗಿದೆ, ಅದಕ್ಕೆ ಬೇರೆಯೇ ವೀಸಾ ಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ: ಒಂದೇ ಪ್ರವೇಶದ ಷೆಂಗೆನ್ ವೀಸಾ ಸಿಕ್ಕವರು ಪ್ಯಾರಿಸ್ ನೋಡಿ ಲಂಡನ್ನಿಗೆ ಹೋದರೆ ಮತ್ತೆ ಆಮ್‌ಸ್ಟರ್‌ಡ್ಯಾಮ್‌ಗೆ ಬರಲಾಗದು, ಏಕೆಂದರೆ ಅವರ ಪ್ರವೇಶ ಅಲ್ಲಿಗೆ ಮುಗಿದಿರುತ್ತದೆ. ನಮ್ಮ ಮೊದಲ ಪಟ್ಟಿಯಲ್ಲಿ ಲಂಡನ್ ನಡುವೆಯೇ ಇತ್ತು. ಅದನ್ನು ಗಮನಿಸಿದ್ದು ನಮ್ಮಲ್ಲಿ ಒಬ್ಬರ ಅಕ್ಕ. ಅವರು ಕೇಳದಿದ್ದರೆ ನಾವು ಹಾಗೆಯೇ ರೈಲು ಕಾದಿರಿಸಿಬಿಡುತ್ತಿದ್ದೆವು.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು. ಕೊನೆಯ ಗಡುವು 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವು ಪ್ರಕರಣಗಳಲ್ಲಿ 45 ದಿನಗಳವರೆಗೂ ಹೋಗುತ್ತದೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷಗಳ ಒಳಗೆ ಕೊಟ್ಟದ್ದಾಗಿದ್ದು, ವಲಯದಿಂದ ಹೊರಬಿದ್ದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಗುಂಪಾಗಿ ಹೋಗುವವರಿಗೂ ಅರ್ಜಿ ಒಬ್ಬೊಬ್ಬರದೇ, ನಿರ್ಧಾರವೂ ಒಬ್ಬೊಬ್ಬರದೇ. ಬೇಸಿಗೆಯ ತಿಂಗಳುಗಳಿಗೆ ಸಂದರ್ಶನದ ದಿನ ಸಿಗುವುದೇ ಕಷ್ಟವಾದ್ದರಿಂದ, ಐವರಿಗೂ ವೀಸಾ ಕೈಗೆ ಬರುವ ಮುನ್ನ ಹಣ ಹಿಂದಿರುಗದ ಟಿಕೆಟ್‌ಗಳನ್ನು ಕೊಳ್ಳಬಾರದೆಂದು ನಾನು ಯಾರು ಕೇಳಿದರೂ ಹೇಳುತ್ತೇನೆ. ಆ ಟಿಕೆಟ್‌ಗಳು ಅಗ್ಗವಾಗಿ ಕಾಣುವ ಕಾಲದಲ್ಲೇ ಈ ಮಾತು ಕೇಳಿಸಿಕೊಳ್ಳುವುದು ಕಷ್ಟ, ಅದೂ ಗೊತ್ತು.

ಈಗ ನಮ್ಮ ಐದನೆಯ ಗೆಳೆಯನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಅವನೇ.

ನಮ್ಮ ಮಾತುಕತೆಯಲ್ಲಿ ಹಣದ ವಿಷಯ ಬರುತ್ತಲೇ ಇತ್ತು, ಆದರೆ ಯಾವಾಗಲೂ ಬಿಡಿ ಬಿಡಿಯಾಗಿ ಬರುತ್ತಿತ್ತು. ಪಾಸ್ ಇಷ್ಟು, ಈ ಊರಿನ ಹಾಸ್ಟೆಲ್ ಹಾಸಿಗೆ ಇಷ್ಟು, ಆ ಸೀಟು ಇಷ್ಟು ಎಂದು ಯಾರೋ ಹೇಳುವರು, ಉಳಿದವರು ಸರಿ ಎನ್ನುವರು. ಒಬ್ಬೊಬ್ಬರ ಕೈಯಲ್ಲಿ ಒಟ್ಟು ಎಷ್ಟಿದೆ ಎಂದು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಕೇಳಿದರೆ ಸಣ್ಣತನವಾದೀತು ಎಂಬ ಸಂಕೋಚ ಕೇಳದವರಿಗೆ. ಹೇಳಿದರೆ ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚಿದಂತಾದೀತು ಎಂಬ ಸಂಕೋಚ ಹೇಳಬೇಕಾದವನಿಗೆ. ಹನ್ನೊಂದು ದೇಶಗಳ ಲೆಕ್ಕ ಬೆಳೆಯುತ್ತ ಬೆಳೆಯುತ್ತ, ಬೆರಳೆಣಿಕೆಯ ದಿನಗಳಲ್ಲಿ ಎರಡು ವೀಸಾ ಶುಲ್ಕ, ಪಾಸ್, ಅದರ ಮೇಲೆ ಕಾದಿರಿಸುವ ಶುಲ್ಕ, ಒಂದೊಂದೇ ರಾತ್ರಿ ಉಳಿಯುವುದರಿಂದ ದುಬಾರಿಯಾದ ಕೋಣೆ, ನಾಲ್ಕು ಬಗೆಯ ನಾಣ್ಯಗಳ ವಿನಿಮಯ ಎಲ್ಲವೂ ಸೇರಿ ಮೊತ್ತ ಏರಿತು. ಯೂರೋ ನಡೆಯದ ಪೌಂಡ್, ಸ್ವಿಸ್ ಫ್ರಾಂಕ್, ಚೆಕ್ ಕೊರುನಾ, ಹಂಗೇರಿಯ ಫೋರಿಂಟ್ ನಮ್ಮ ದಾರಿಯಲ್ಲಿದ್ದವು. ಒಂದು ಸಂಜೆ ಆ ಗೆಳೆಯ, ತನಗೆ ಕೆಲಸದ ಕರೆ ಬಂದಿದೆ, ನೀವು ಹೋಗಿ ಬನ್ನಿ ಎಂದ. ನಾವು ನಂಬಿದೆವು. ನಿಜ ಹೇಳಬೇಕೆಂದರೆ, ನಂಬುವುದು ನಮಗೆ ಅನುಕೂಲವಾಗಿತ್ತು.

ಅವನು ಹೊರಬಿದ್ದ ಮೂರನೆಯ ವಾರಕ್ಕೆ ನಮ್ಮ ಪಟ್ಟಿ ತಾನಾಗಿಯೇ ಕುಸಿಯಿತು. ಬ್ರಿಟನ್ನಿನ ವೀಸಾಕ್ಕೆ ಹೊತ್ತು ಸಾಲಲಿಲ್ಲ. ಸ್ಪೇನಿನ ಕಡೆಯ ರೈಲುಗಳಲ್ಲಿ ನಮಗೆ ಬೇಕಾದ ದಿನ ಜಾಗ ಸಿಗಲಿಲ್ಲ. ಇಟಲಿಯನ್ನು ಎರಡು ದಿನಕ್ಕೆ ನೋಡುವುದಕ್ಕಿಂತ ಬಿಡುವುದೇ ಮೇಲು ಎಂದು ಅದನ್ನು ಅತಿಯಾಗಿ ಬಯಸಿದವಳೇ ಹೇಳಿದಳು. ಉಳಿದದ್ದು ಐದು ದೇಶ, ಐದು ತಂಗುದಾಣ, ನಾಲ್ಕು ದೊಡ್ಡ ರೈಲು ಪ್ರಯಾಣ: ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಜ್ಯೂರಿಕ್‌ನಲ್ಲಿ ಮೂರು, ವಿಯೆನ್ನಾದಲ್ಲಿ ಐದು, ಪ್ರಾಗ್‌ನಲ್ಲಿ ನಾಲ್ಕು, ಬರ್ಲಿನ್‌ನಲ್ಲಿ ನಾಲ್ಕು. ಹೆಚ್ಚು ರಾತ್ರಿ ಆಸ್ಟ್ರಿಯಾದಲ್ಲಿದ್ದುದರಿಂದ, ಕಾಲಿಡುವುದು ಫ್ರಾನ್ಸಿನಲ್ಲಾದರೂ ಅರ್ಜಿ ಆಸ್ಟ್ರಿಯಾಕ್ಕೆ ಹೋಯಿತು. ದಿನಾಂಕಗಳು ಖಚಿತವಾಗಿದ್ದ ಕಾರಣ ಪಾಸ್ ಬೇಕಾಗಲಿಲ್ಲ. ವೀಸಾ ಬಂದ ದಿನವೇ ಬಿಡಿ ಟಿಕೆಟ್‌ಗಳನ್ನು ಕೊಂಡೆವು. ವಿಯೆನ್ನಾದಿಂದ ಪ್ರಾಗ್‌ಗೆ ನಾಲ್ಕು ಗಂಟೆಯ ದಾರಿ, ಮುಂಗಡವಾಗಿ ಕೊಂಡರೆ 20 ಯೂರೋ ಆಸುಪಾಸಿನಲ್ಲಿ ಸಿಗುವುದುಂಟು. ಒಟ್ಟು ಖರ್ಚು ಮೊದಲ ಯೋಜನೆಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಯಿತು. ನಾವು ಮರಳಿದ ಎಷ್ಟೋ ತಿಂಗಳ ಮೇಲೆ ಆ ಗೆಳೆಯ, ಅಂದು ಯಾವ ಕರೆಯೂ ಬಂದಿರಲಿಲ್ಲ, ಮೊತ್ತ ನೋಡಿ ಮನೆಯಲ್ಲಿ ಬಾಯಿ ಬಿಡಲಾಗಲಿಲ್ಲ ಎಂದು ಹೇಳಿದ. ತನ್ನಲ್ಲಿ ಎಷ್ಟಿತ್ತು ಎಂಬುದನ್ನೂ ಹೇಳಿದ. ನಾವು ನಾಲ್ವರು ಕೊನೆಗೆ ಖರ್ಚು ಮಾಡಿದ್ದಕ್ಕಿಂತ ಅದು ಹೆಚ್ಚೇ ಇತ್ತು.

ಆದ್ದರಿಂದ ಭೂಪಟ ತೆರೆಯುವ ಮೊದಲು ಪ್ರತಿಯೊಬ್ಬರೂ ತಾವು ಎಷ್ಟು ಖರ್ಚು ಮಾಡಬಲ್ಲೆವು ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ, ಹೆಸರಿಲ್ಲದೆ, ಬರೆದು ಒಂದೆಡೆ ಹಾಕಲಿ. ಅವುಗಳಲ್ಲಿ ಅತಿ ಚಿಕ್ಕ ಅಂಕಿಯೇ ಎಲ್ಲರ ಮಿತಿಯಾಗಲಿ. ಆಮೇಲೆ ರಾತ್ರಿಗಳನ್ನು ಹಂಚಿಕೊಳ್ಳಲಿ, ಒಂದು ಊರಿಗೆ ಮೂರಕ್ಕೆ ಕಡಿಮೆಯಾಗದಂತೆ. ದೇಶ ಎಷ್ಟಾಯಿತು ಎಂಬುದು ಕೊನೆಗೆ ತಾನಾಗಿಯೇ ಗೊತ್ತಾಗುತ್ತದೆ.

ಹೀಗೆ ಕಡಿಮೆ ಮಾಡಿದ್ದರಿಂದ ಏನು ಸಿಕ್ಕಿತು ಎಂಬುದನ್ನೂ ಹೇಳಬೇಕು. ಜ್ಯೂರಿಕ್‌ನಿಂದ ವಿಯೆನ್ನಾಗೆ ಹಗಲಿನ ರೈಲಿನಲ್ಲಿ ಸುಮಾರು ಎಂಟು ಗಂಟೆ. ಮೊದಲ ಯೋಜನೆಯಲ್ಲಿ ಇದನ್ನು ರಾತ್ರಿ ನಿದ್ದೆಯಲ್ಲಿ ದಾಟುವುದಿತ್ತು. ರೈಲು ಜ್ಯೂರಿಕ್ ಸರೋವರದ ದಂಡೆ ಹಿಡಿದು ಹೊರಟು, ಬಳಿಕ ವಾಲೆನ್ ಸರೋವರದ ಪಕ್ಕಕ್ಕೆ ಬರುತ್ತದೆ. ಎದುರು ದಡದಲ್ಲಿ ಬಂಡೆಯ ಗೋಡೆ ನೀರಿನಿಂದಲೇ ಎದ್ದು ನಿಂತಿರುತ್ತದೆ. ಬುಖ್ಸ್ ಎಂಬಲ್ಲಿ ರೈಲು ದಿಕ್ಕು ಬದಲಿಸಿ ಹಿಂದುಮುಂದಾಗಿ ಹೊರಡುತ್ತದೆ. ಅಲ್ಲಿಂದ ಕೆಲವು ನಿಮಿಷಗಳಲ್ಲಿ ಲೀಖ್ಟನ್‌ಸ್ಟೈನ್ ಎಂಬ ಇಡೀ ದೇಶವನ್ನು ಎಲ್ಲಿಯೂ ನಿಲ್ಲದೆ ದಾಟಿ ಆಸ್ಟ್ರಿಯಾ ಸೇರುತ್ತದೆ. ನಮ್ಮಲ್ಲಿ ಒಬ್ಬರು ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು ಮುಗಿಸುವುದರೊಳಗೆ ಅದು ಹಿಂದಾಗಿತ್ತು. ದೇಶಗಳನ್ನು ಎಣಿಸುವವರ ಪಟ್ಟಿಗೆ ಅದೂ ಒಂದು. ಆಮೇಲೆ 1884ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೂ ಉದ್ದದ ಆರ್ಲ್‌ಬರ್ಗ್ ಸುರಂಗ. ಅದರಿಂದ ಹೊರಬಂದಾಗ ಬೆಳಕಿನ ಬಣ್ಣವೇ ಬೇರೆಯಾಗಿತ್ತು. ಇನ್ಸ್‌ಬ್ರುಕ್, ಸಾಲ್ಜ್‌ಬರ್ಗ್ ದಾಟಿ ಬಯಲಿಗೆ ಇಳಿಯುವ ಹೊತ್ತಿಗೆ ನಾಲ್ಕು ವರ್ಷ ಒಂದೇ ತರಗತಿಯಲ್ಲಿ ಕುಳಿತು ಆಡದ ಮಾತುಗಳನ್ನು ನಾವು ಆಡಿ ಮುಗಿಸಿದ್ದೆವು.

ಪ್ರಾಗ್‌ನಿಂದ ಬರ್ಲಿನ್‌ಗೆ ಹೋಗುವವರು ಬಲಗಡೆಯ ಕಿಟಕಿಯನ್ನು ಹಿಡಿಯಬೇಕು. ದಾರಿ ಮೊದಲು ವಲ್ಟಾವಾ, ಅನಂತರ ಎಲ್ಬ್ ನದಿಯ ಜೊತೆ ಸಾಗುತ್ತದೆ. ಜೆಚಿನ್ ದಾಟಿದ ಮೇಲೆ ಕಣಿವೆ ಕಿರಿದಾಗಿ ಮರಳುಗಲ್ಲಿನ ಕಂಬಗಳಂಥ ಬೆಟ್ಟಗಳು ಎರಡೂ ಕಡೆ ಏಳುತ್ತವೆ, ಡ್ರೆಸ್ಡೆನ್ ಬರುವವರೆಗೂ ಕಣ್ಣು ಕೀಳಲಾಗದು. ಗಡಿ ಎಲ್ಲಿ ದಾಟಿತೆಂದು ನದಿಯನ್ನು ನೋಡಿ ಹೇಳುವುದು ಸಾಧ್ಯವಿಲ್ಲ. ಆದರೂ ಪಾಸ್‌ಪೋರ್ಟನ್ನು ಚೀಲದ ತಳಕ್ಕೆ ಹಾಕಬಾರದು: ಷೆಂಗೆನ್ ಒಳಗಿದ್ದರೂ ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ನಡೆಸುತ್ತಿದೆ. ವಲಯದ ಹೊರಗಡಿಗಳಲ್ಲಿ 2025ರ ಅಕ್ಟೋಬರ್‌ನಿಂದ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆಯೂ ಶುರುವಾಗಿರುವುದರಿಂದ, ಇಳಿದ ದಿನವೇ ಸಂಜೆಯ ರೈಲು ಹಿಡಿಯುವ ಯೋಜನೆ ಬೇಡ.

ನಿಮ್ಮ ಬರಹದಲ್ಲಿ ಇಲ್ಲದ ಕೆಲವು ಸಣ್ಣ ಸಂಗತಿಗಳು ನಮಗೆ ದಾರಿಯಲ್ಲಿ ದೊಡ್ಡವಾಗಿ ಕಂಡವು. ನಿಲ್ದಾಣದ ಫಲಕಗಳಲ್ಲಿ ಊರುಗಳ ಹೆಸರು ಆಯಾ ಭಾಷೆಯಲ್ಲಿರುತ್ತದೆ. ವಿಯೆನ್ನಾ ಅಲ್ಲಿ ವೀನ್, ಪ್ರಾಗ್ ಅಲ್ಲಿ ಪ್ರಾಹಾ, ವೆನಿಸ್ ವೆನೆಜಿಯಾ. ಪ್ಯಾರಿಸ್‌ನಲ್ಲಿ ದೊಡ್ಡ ನಿಲ್ದಾಣಗಳು ಹಲವು, ಉತ್ತರದಿಂದ ಬಂದವರು ಗಾರ್ ದ್ಯು ನೋರ್‌ನಲ್ಲಿ ಇಳಿದರೆ ಜ್ಯೂರಿಕ್‌ನ ರೈಲು ಹೊರಡುವುದು ಗಾರ್ ದ ಲಿಯೋಂನಿಂದ. ನಡುವೆ ಕನಿಷ್ಠ ಒಂದು ಗಂಟೆಯ ಬಿಡುವು ಇರಲಿ. ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಹತ್ತುವಾಗ ಬೋಗಿಯ ಮೇಲಿನ ಫಲಕ ಓದದಿದ್ದರೆ ಗೆಳೆಯರೇ ಎರಡಾಗಬೇಕಾಗುತ್ತದೆ. ಹಾಗೆಯೇ ಎಲ್ಲ ರೈಲುಗಳೂ ಗಡಿಯಾರದಂತೆ ಓಡುತ್ತವೆಂಬ ಮಾತನ್ನು ಪೂರ್ತಿ ನಂಬಬಾರದು. ಜರ್ಮನಿಯಲ್ಲಿ 2024ರಲ್ಲಿ ದೂರದ ರೈಲುಗಳ ಪೈಕಿ ಸಮಯಕ್ಕೆ ತಲುಪಿದ್ದು ಶೇಕಡಾ 62ರಷ್ಟು ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕಿಸದೆ. ಎರಡು ರೈಲುಗಳ ನಡುವೆ ಎಂಟು ನಿಮಿಷ ಇಟ್ಟುಕೊಂಡು ಯೋಜನೆ ಮಾಡುವವರು ಇದನ್ನು ಗಮನಿಸಬೇಕು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಗುರಿ ತಲುಪುವುದು ಒಂದು ಗಂಟೆಯಿಂದ ಎರಡು ಗಂಟೆಯೊಳಗೆ ತಡವಾದರೆ ಟಿಕೆಟ್ ಬೆಲೆಯ ಕಾಲುಭಾಗ, ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾದರೆ ಅರ್ಧಭಾಗ ಪರಿಹಾರ ಕೇಳಬಹುದು, ಕೆಲವು ಅಸಾಮಾನ್ಯ ಸಂದರ್ಭಗಳನ್ನು ಬಿಟ್ಟು. ಆದರೆ ಇಡೀ ದಾರಿಗೆ ಒಂದೇ ಟಿಕೆಟ್ ಇದ್ದರೆ ಮಾತ್ರ ತಪ್ಪಿದ ಮುಂದಿನ ರೈಲಿನ ಹೊಣೆ ರೈಲು ಸಂಸ್ಥೆಯದಾಗುತ್ತದೆ. ನಾಲ್ಕು ಯೂರೋ ಉಳಿಸಲು ಒಂದು ದಾರಿಯನ್ನು ಎರಡು ಟಿಕೆಟ್ ಮಾಡಿಕೊಂಡರೆ ಆ ರಕ್ಷಣೆ ಹೋಗುತ್ತದೆ.

ರಾತ್ರಿ ರೈಲಿನ ಬಗ್ಗೆ ಒಂದು ಮಾತು. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತೆಂದು ವಿದ್ಯಾರ್ಥಿಗಳು ಅದನ್ನು ಮೇಲಿಂದ ಮೇಲೆ ಸೇರಿಸಿಕೊಳ್ಳುತ್ತಾರೆ. ಆಸ್ಟ್ರಿಯಾದ ರೈಲ್ವೆ 2016ರಿಂದ ನಡೆಸುತ್ತಿರುವ ನೈಟ್‌ಜೆಟ್ ರೈಲುಗಳಲ್ಲಿ ಕುಳಿತುಕೊಳ್ಳುವ ಸೀಟು, ಹಲವರು ಹಂಚಿಕೊಳ್ಳುವ ಮಲಗುವ ಹಲಗೆಗಳ ಕೂಪೆ, ಪ್ರತ್ಯೇಕ ಮಲಗುವ ಕೋಣೆ ಎಂದು ಮೂರು ದರ್ಜೆಗಳಿವೆ. ಅಗ್ಗದ ಸೀಟಿನಲ್ಲಿ ಕುಳಿತೇ ರಾತ್ರಿ ಕಳೆದವರ ಮರುದಿನ ಉದ್ಯಾನದ ಬೆಂಚಿನ ಮೇಲೆ ಹೋಗುತ್ತದೆ. ಇಡೀ ಪ್ರವಾಸಕ್ಕೆ ಒಂದು ಸಾಕು, ಅದೂ ಮಲಗುವ ಜಾಗ ಸಿಕ್ಕರೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ. ಬೇಸಿಗೆಯ ಪ್ರವಾಸಕ್ಕೆ ಅರ್ಜಿ ಹಾಕುವ ಕಾಲ ಡಿಸೆಂಬರ್, ಜನವರಿಯಿಂದಲೇ ತೆರೆಯುತ್ತದೆ. ರೈಲುಗಳ ಹೊಸ ವೇಳಾಪಟ್ಟಿಯೂ ಯುರೋಪಿನಾದ್ಯಂತ ಪ್ರತಿ ಡಿಸೆಂಬರ್‌ನ ಎರಡನೆಯ ವಾರಾಂತ್ಯಕ್ಕೆ ಜಾರಿಗೆ ಬರುತ್ತದೆ. ಆ ಹೊತ್ತಿಗೆ ನಿಮ್ಮ ಪ್ರವಾಸ ಪುಟದಲ್ಲಿ ಯಾವ ರೈಲಿಗೆ ಸೀಟು ಕಾದಿರಿಸುವುದು ಕಡ್ಡಾಯ, ಯಾವುದಕ್ಕಿಲ್ಲ, ವೀಸಾ ಅರ್ಜಿ ಯಾವ ದೇಶಕ್ಕೆ, ಪಾಸ್ ಯಾರಿಗೆ ಲಾಭ, ಬಿಡಿ ಟಿಕೆಟ್ ಯಾರಿಗೆ ಲಾಭ ಎಂಬ ವಿವರಗಳನ್ನು ಚಿತ್ರಗಳಷ್ಟೇ ಜಾಗ ಕೊಟ್ಟು ಪ್ರಕಟಿಸಬೇಕು. ಹದಿನೈದು ದಿನ, ಒಂಬತ್ತು ದೇಶ ಎಂಬಂಥ ತಲೆಬರಹಗಳನ್ನು ದಯವಿಟ್ಟು ಕೈಬಿಡಬೇಕು. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಓದುವವರು ಅದನ್ನು ಗುರಿಯೆಂದೇ ತೆಗೆದುಕೊಳ್ಳುತ್ತಾರೆ, ನಾವು ಹಾಗೆಯೇ ತೆಗೆದುಕೊಂಡಿದ್ದೆವು.

ಬರುವ ಸೆಪ್ಟೆಂಬರ್‌ಗೆ ನಾವು ಐವರೂ ಮತ್ತೊಂದು ಪ್ರಯಾಣಕ್ಕೆ ಕುಳಿತಿದ್ದೇವೆ. ಈ ಬಾರಿ ಎರಡು ದೇಶಗಳಷ್ಟೇ, ಇಟಲಿ ಮತ್ತು ಸ್ಲೊವೇನಿಯಾ. ಚೀಟಿಗಳನ್ನು ಕಳೆದ ಭಾನುವಾರ ತೆರೆದೆವು, ಅತಿ ಚಿಕ್ಕ ಅಂಕಿ ನನ್ನದೇ ಆಗಿತ್ತು. ಉಳಿದ ನಾಲ್ವರು ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು ವೇಳಾಪಟ್ಟಿ ತೆರೆದರು.

ಇಂತಿ,
ತಮ್ಮ ಪತ್ರಿಕೆಯ ಓದುಗ